‘ಗಿಟ್ ಆ್ಯಡ್ ಡಾಟ್’ ಎಂಬ ಕಾಟಾಚಾರ

ಕಡತಗಳ ತಿದ್ದುಪಡಿಗಳ ಚರಿತ್ರೆ ಇಡುವ ತಂತ್ರಾಂಶವಾದ ಗಿಟ್ ಬಳಸುವ ಕಂಪ್ಯೂಟರಿನಲ್ಲಿ ಪ್ರತಿ ಕಡತಕ್ಕೂ ಮೂರು ನೆಲೆಗಳಿರುತ್ತವೆ. ಕೆಲಸದ ಫೋಲ್ಡರಿನಲ್ಲಿ ಕಣ್ಣಿಗೆ ಕಾಣುವ, ಕೈಗೆ ಸಿಗುವ ರೂಪ ಒಂದು. ಕೊನೆಯ ಕಮಿಟ್‌ನಲ್ಲಿ ದಾಖಲಾಗಿಹೋದ ರೂಪ ಇನ್ನೊಂದು. ಇವೆರಡರ ನಡುವೆ, ಮುಂದಿನ ಕಮಿಟ್‌ಗೆ ಸೇರಬೇಕಾದದ್ದು ಸಿದ್ಧವಾಗಿ ನಿಲ್ಲುವ ಜಾಗ ಮೂರನೆಯದು. ಅದನ್ನು ಇಂಡೆಕ್ಸ್ ಎಂದೂ ಸ್ಟೇಜಿಂಗ್ ಏರಿಯಾ ಎಂದೂ ಕರೆಯುತ್ತಾರೆ. ‘ಗಿಟ್ ಆ್ಯಡ್’ ಎಂಬ ಆಜ್ಞೆ ತಿದ್ದುಪಡಿಯನ್ನು ಆ ಜಾಗಕ್ಕೆ ತರುತ್ತದೆ, ‘ಗಿಟ್ ಕಮಿಟ್’ ಅಲ್ಲಿರುವುದನ್ನು ದಾಖಲಿಸುತ್ತದೆ. ಆ್ಯಡ್ ಮಾಡಿದ ಮೇಲೆ ಅದೇ ಕಡತವನ್ನು ಮತ್ತೆ ತಿದ್ದಿದರೆ ಹೊಸ ತಿದ್ದುಪಡಿ ಕಮಿಟ್‌ಗೆ ಹೋಗುವುದಿಲ್ಲ. ಸ್ಟೇಜ್ ಆಗುವುದು ಕಡತದ ಹೆಸರಲ್ಲ, ಆ ಕ್ಷಣದಲ್ಲಿ ಅದರೊಳಗಿದ್ದ ಬರಹ.

ಈ ನಡುವಿನ ಜಾಗದ ಬಗ್ಗೆ ಇಂದು ಚಾಲ್ತಿಯಲ್ಲಿರುವ ಅಭಿಪ್ರಾಯ ಸರಳ: ಅದು ಅನಗತ್ಯ. ಮುಂಬಯಿಯ ಎಂಜಿನಿಯರಿಂಗ್ ಕಾಲೇಜುಗಳ ಹ್ಯಾಕಥಾನ್‌ಗಳಲ್ಲಿ, ಅಂಧೇರಿ, ಠಾಣೆಗಳ ಕೋಚಿಂಗ್ ಕ್ಲಾಸುಗಳಲ್ಲಿ, ಮಲಾಡ್, ಐರೋಲಿಗಳ ಕಚೇರಿಗಳಲ್ಲಿ ಹೊಸಬರಿಗೆ ಮೊದಲ ದಿನ ಬಾಯಿಪಾಠವಾಗುವುದು ಮೂರು ಸಾಲು: ಗಿಟ್ ಆ್ಯಡ್ ಡಾಟ್, ಗಿಟ್ ಕಮಿಟ್, ಗಿಟ್ ಪುಶ್. ಡಾಟ್ ಎಂದರೆ ಈ ಫೋಲ್ಡರಿನಲ್ಲಿ ಬದಲಾದದ್ದೆಲ್ಲ. ಮೊದಲನೆಯ ಸಾಲು ಏಕೆ ಬೇಕು ಎಂದು ಕೇಳಿದರೆ ‘ಹಾಗೆ ಮಾಡದಿದ್ದರೆ ಕಮಿಟ್ ಆಗುವುದಿಲ್ಲ’ ಎಂಬುದೇ ಉತ್ತರ. ಸಾಧನಗಳೂ ಇದಕ್ಕೆ ಒತ್ತಾಸೆಯಾಗಿವೆ. ಸ್ಟೇಜ್ ಮಾಡದೆ ಕಮಿಟ್ ಒತ್ತಿದರೆ ವಿಎಸ್ ಕೋಡ್ ‘ಎಲ್ಲವನ್ನೂ ಸ್ಟೇಜ್ ಮಾಡಿ ನೇರವಾಗಿ ಕಮಿಟ್ ಮಾಡಲೇ’ ಎಂದು ಕೇಳುತ್ತದೆ, ‘ಯಾವಾಗಲೂ ಹಾಗೆಯೇ ಮಾಡು’ ಎಂಬ ಗುಂಡಿಯನ್ನೂ ಪಕ್ಕದಲ್ಲಿ ಇಡುತ್ತದೆ. ಗಿಟ್‌ಹಬ್ ಡೆಸ್ಕ್‌ಟಾಪ್‌ನಲ್ಲಿ ಬದಲಾದ ಕಡತಗಳೆಲ್ಲಕ್ಕೂ ಮೊದಲೇ ಟಿಕ್ ಬಿದ್ದಿರುತ್ತದೆ. ಹೀಗೆ ಕಲಿತವರು ಮುಂದೆ ತಂಡದ ಹಿರಿಯರಾದಾಗ ‘ಸ್ಟೇಜಿಂಗ್ ಗಿಟ್‌ನ ಹಳೆಯ ಗಂಟು, ಒಳ್ಳೆಯ ವ್ಯವಸ್ಥೆಗೆ ಅದು ಬೇಕಿಲ್ಲ’ ಎಂದು ತೀರ್ಪು ಕೊಡುತ್ತಾರೆ. ಈ ತೀರ್ಪು ತಪ್ಪು. ಅದರ ಹಾನಿ ಒಂದು ಆಜ್ಞೆಯ ಅಜ್ಞಾನಕ್ಕೆ ಮುಗಿಯದೆ ತಂಡದ ದಾಖಲೆಯನ್ನೇ ಕೆಡಿಸುತ್ತದೆ.

ಅನಗತ್ಯವೆನ್ನುವವರು ಮೊದಲು ಮುಂದಿಡುವುದು ಹುಟ್ಟಿನ ವಾದ. ಲಿನಕ್ಸ್ ಕರ್ನಲ್‌ನ ಕೆಲಸಕ್ಕೆ ಬಳಸುತ್ತಿದ್ದ ಬಿಟ್‌ಕೀಪರ್‌ನ ಉಚಿತ ಪರವಾನಗಿ ನಿಂತುಹೋದಾಗ, 2005ರ ಏಪ್ರಿಲ್‌ನಲ್ಲಿ ಲಿನಸ್ ಟೋರ್ವಾಲ್ಡ್ಸ್ ಗಿಟ್ ಬರೆದರು. ಆ ಮೊದಲ ರೂಪದಲ್ಲಿ ಇಂಡೆಕ್ಸ್‌ಗೆ ‘ಡೈರೆಕ್ಟರಿ ಕ್ಯಾಶ್’ ಎಂಬ ಹೆಸರಿತ್ತು, ಆಜ್ಞೆಯ ಹೆಸರು ‘ಅಪ್‌ಡೇಟ್ ಕ್ಯಾಶ್’. ಇಂದಿಗೂ ಇಂಡೆಕ್ಸ್ ಕಡತದ ಮೊದಲ ನಾಲ್ಕು ಅಕ್ಷರ ಡಿ-ಐ-ಆರ್-ಸಿ. ಕಡತದ ಗಾತ್ರ, ತಿದ್ದಿದ ವೇಳೆ ಮುಂತಾದವನ್ನು ಅದರಲ್ಲಿ ಬರೆದಿಟ್ಟುಕೊಂಡರೆ ಯಾವ ಕಡತ ಬದಲಾಗಿದೆ ಎಂದು ಪ್ರತಿ ಸಲ ಕಡತಗಳ ಇಡೀ ಮರವನ್ನು ಓದಿ ನೋಡಬೇಕಿಲ್ಲ. ಹಾಗಾಗಿ ಇದು ವೇಗಕ್ಕಾಗಿ ಮಾಡಿದ ಏರ್ಪಾಡು, ಬಳಕೆದಾರನ ಕಣ್ಣಿಗೆ ಬಿದ್ದದ್ದೇ ಆಕಸ್ಮಿಕ ಎನ್ನುತ್ತಾರೆ.

ವೇಗದ ಮಾತು ನಿಜ, ‘ಆಕಸ್ಮಿಕ’ ಎಂಬ ತೀರ್ಮಾನ ನಿಜವಲ್ಲ. ಆ ಮೊದಲ ರೂಪದಲ್ಲೇ ಕ್ಯಾಶ್‌ಗೆ ಇನ್ನೊಂದು ಕೆಲಸವಿತ್ತು: ಅದರಲ್ಲಿದ್ದದ್ದನ್ನು ‘ರೈಟ್ ಟ್ರೀ’ ಎಂಬ ಆಜ್ಞೆ ಮರವಾಗಿ ಬರೆಯುತ್ತಿತ್ತು, ಆ ಮರವನ್ನು ‘ಕಮಿಟ್ ಟ್ರೀ’ ಕಮಿಟ್ ಮಾಡುತ್ತಿತ್ತು. ಅಂದರೆ ಮುಂದಿನ ಕಮಿಟ್‌ನ ಕರಡು ಇರುವ ಜಾಗ ಮೊದಲಿನಿಂದಲೂ ಅದೇ. ಮರ್ಜ್ ಮಾಡುವಾಗ ಒಂದೇ ಕಡತದ ಮೂರು ರೂಪಗಳನ್ನು (ಇಬ್ಬರಿಗೂ ಮೂಲವಾದದ್ದು, ನಮ್ಮದು, ಅವರದು) ಒಟ್ಟಿಗೆ ಇಟ್ಟುಕೊಳ್ಳುವುದೂ ಈ ಇಂಡೆಕ್ಸ್. ಒಂದು ವಸ್ತು ಯಾವ ಕಾರಣಕ್ಕೆ ಹುಟ್ಟಿತು ಎಂಬುದು ಅದರ ಇಂದಿನ ಉಪಯೋಗವನ್ನು ತೀರ್ಮಾನಿಸುವುದೂ ಇಲ್ಲ. 2006ರ ಕೊನೆಗೆ ಬಂದ ಸಂವಾದ ರೂಪದ ಆ್ಯಡ್, ಅದರ ಬೆನ್ನಿಗೆ ಬಂದ ‘ಆ್ಯಡ್ -ಪಿ’ ಇಂಡೆಕ್ಸನ್ನು ಬೇರೆಯೇ ಮಟ್ಟಕ್ಕೆ ಒಯ್ದವು. ಒಂದೇ ಕಡತದೊಳಗಿನ ಹತ್ತು ತಿದ್ದುಪಡಿಗಳಲ್ಲಿ ಮೂರನ್ನು ಈಗ, ಏಳನ್ನು ಆಮೇಲೆ ಎಂದು ಆರಿಸಿಕೊಳ್ಳುವುದು ಸಾಧ್ಯವಾಯಿತು. ಸ್ಟೇಜಿಂಗ್‌ನ ಬೆಲೆ ಅಳೆಯಬೇಕಾದದ್ದು ಈ ಆಯ್ಕೆಯ ತೂಕದಿಂದ.

ಆ ತೂಕ ತಿಳಿಯಲು ಮುಂಬಯಿಯ ಕನ್ನಡ ಅಕ್ಷರಗಳಷ್ಟು ಒಳ್ಳೆಯ ಉದಾಹರಣೆ ಬೇರೆ ಸಿಗುವುದು ಕಷ್ಟ. ಕನ್ನಡ ಲಿಪಿಯ ಡಿಜಿಟಲ್ ರೂಪಗಳಿಗೆ ಈ ನಗರದ ಋಣ ದೊಡ್ಡದು. ವಿಂಡೋಸ್ ಎಕ್ಸ್‌ಪಿಯ ಕಾಲದಲ್ಲಿ ಮನೆಮನೆಯ ಕಂಪ್ಯೂಟರಿಗೆ ಬಂದ ‘ತುಂಗಾ’ ಫಾಂಟಿನ ವಿನ್ಯಾಸ ನಿರ್ದೇಶಕರು ಆರ್. ಕೆ. ಜೋಶಿ, ಜುಹುವಿನ ಎನ್‌ಸಿಎಸ್‌ಟಿ (ರಾಷ್ಟ್ರೀಯ ತಂತ್ರಾಂಶ ತಂತ್ರಜ್ಞಾನ ಕೇಂದ್ರ) ಅವರ ಕಾರ್ಯಕ್ಷೇತ್ರವಾಗಿತ್ತು. ಅದರ ಮುಂದಿನ ತಲೆಮಾರು ಮುಂಬಯಿಯದೇ ಆದ ‘ಏಕ್ ಟೈಪ್’ ಬಳಗ. ಅವರ ‘ಬಾಲೂ ತಮ್ಮ’, 2022ರಲ್ಲಿ ಬಂದ ‘ಅನೇಕ್ ಕನ್ನಡ’ ಗೂಗಲ್ ಫಾಂಟ್ಸ್ ಮೂಲಕ ಯಾರಿಗೂ ಉಚಿತ. ಎಸ್‌ಐಎಲ್ ಮುಕ್ತ ಫಾಂಟ್ ಪರವಾನಗಿಯಲ್ಲಿ ಬಿಡುಗಡೆಯಾದ ಇವುಗಳ ಮೂಲ ಕಡತಗಳು ಗಿಟ್‌ಹಬ್‌ನಲ್ಲಿ ತೆರೆದಿವೆ. ಬೇಕಾದವರು ತೆಗೆದುಕೊಂಡು ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು. ತುಂಗಾದ ಒಂದು ಒತ್ತಕ್ಷರ ಏಕೆ ಹಾಗಿದೆ ಎಂದು ಹೊರಗಿನವರಿಗೆ ಹುಡುಕಲು ದಾರಿಯಿಲ್ಲ. ತೆರೆದ ಫಾಂಟಿನಲ್ಲಿ ಆ ದಾರಿ ಇದೆ, ಕಮಿಟ್‌ಗಳ ಚರಿತ್ರೆ ಓದುವ ಹಾಗಿದ್ದರೆ ಮಾತ್ರ.

ಇಂಥ ಫಾಂಟುಗಳನ್ನು ಬರೆಯಲು ಹೆಚ್ಚಾಗಿ ಬಳಸುವ ಸಾಫ್ಟ್‌ವೇರ್ ಗ್ಲಿಫ್ಸ್. ಅದರ ಮೂಲ ಕಡತ ಓದಬಹುದಾದ ಪಠ್ಯವೇ, ಆದರೆ ಇಡೀ ಫಾಂಟಿಗೆ ಒಂದೇ ಕಡತ. ಪ್ರತಿ ಅಕ್ಷರದ ಪ್ರತಿ ಬಿಂದುವಿನ ಸ್ಥಾನ ಅದರಲ್ಲಿ ಒಂದೊಂದು ಸಾಲು. ಅದರ ಜೊತೆಗೆ ಆ ಅಕ್ಷರವನ್ನು ಕೊನೆಯ ಬಾರಿ ಮುಟ್ಟಿದ ವೇಳೆ, ಕಿಟಕಿಯಲ್ಲಿ ತೆರೆದಿಟ್ಟಿದ್ದ ಪರೀಕ್ಷಾ ಪದಗಳು ಕೂಡ ಅಲ್ಲೇ ದಾಖಲಾಗುತ್ತವೆ. ಒಂದು ಅಕ್ಷರವನ್ನು ಸುಮ್ಮನೆ ಸರಿಸಿ ಮತ್ತೆ ಸ್ವಸ್ಥಾನಕ್ಕೆ ತಂದರೂ ಕಡತ ‘ಬದಲಾಗಿದೆ’ ಎನ್ನಿಸಿಕೊಳ್ಳಬಹುದು. ಈ ತೊಂದರೆಗಾಗಿಯೇ ಆ ವೇಳೆಯನ್ನೂ ಪರೀಕ್ಷಾ ಪದಗಳನ್ನೂ ಬರೆಯದಂತೆ ಮಾಡುವ ಸೆಟ್ಟಿಂಗ್ ಗ್ಲಿಫ್ಸ್‌ನಲ್ಲಿದೆ. ಮೂರನೆಯ ಆವೃತ್ತಿಯಲ್ಲಿ ಪ್ರತಿ ಅಕ್ಷರಕ್ಕೂ ಬೇರೆ ಕಡತ ಮಾಡಿ, ಕಿಟಕಿಯ ಸ್ಥಿತಿಯನ್ನು ಪ್ರತ್ಯೇಕವಾಗಿಡುವ ಪ್ಯಾಕೇಜ್ ರೂಪವೂ ಬಂದಿದೆ. ಸಾಧನ ತಯಾರಿಸಿದವರೇ ‘ಬದಲಾದದ್ದೆಲ್ಲ ದಾಖಲಾಗಬೇಕಾದದ್ದಲ್ಲ’ ಎಂದು ಒಪ್ಪಿಕೊಂಡು ಈ ಏರ್ಪಾಡು ಮಾಡಿದ್ದಾರೆ.

ಒಂದು ಸಂದರ್ಭವನ್ನು ಹಾಕಿಕೊಂಡು ನೋಡಬಹುದು. ವಿನ್ಯಾಸಕಿಯೊಬ್ಬಳು ‘ಸ್ತ್ರೀ’, ‘ರಾಷ್ಟ್ರ’ದಂಥ ಪದಗಳಲ್ಲಿ ಎರಡು ಒತ್ತುಗಳು ಒಂದಕ್ಕೊಂದು ತಾಗುವುದನ್ನು ಸರಿಪಡಿಸಲು ಕೂರುತ್ತಾಳೆ. ತಕಾರ, ಟಕಾರಗಳ ಒತ್ತುಗಳನ್ನು ಸ್ವಲ್ಪ ಎಡಕ್ಕೆ ತರುತ್ತಾಳೆ. ಪರೀಕ್ಷಿಸುವಾಗ ಕೆಲವು ಆ್ಯಪ್‌ಗಳಲ್ಲಿ ಒತ್ತಿನ ತುದಿ ಕತ್ತರಿಸಿ ಕಾಣುವುದರಿಂದ ಸಾಲಿನ ಕೆಳ ಅಂಚಿನ ಅಳತೆಯನ್ನು ಹಿಗ್ಗಿಸುತ್ತಾಳೆ. ಅದೇ ಕೈಯಲ್ಲಿ ಅಲ್ಪವಿರಾಮದ ಅಂತರವನ್ನೂ ತಿದ್ದುತ್ತಾಳೆ. ಮೂರೂ ಬೇಕಾದ ಕೆಲಸಗಳೇ, ಆದರೆ ಮೂರರ ಪರಿಣಾಮ ಮೂರು ಬಗೆ. ಒತ್ತಿನ ತಿದ್ದುಪಡಿ ಒಂದಷ್ಟು ಪದಗಳಿಗೆ ಸೀಮಿತ. ಸಾಲಿನ ಅಳತೆಯದು ಹಾಗಲ್ಲ: ಆ ಫಾಂಟ್ ಬಳಸುವ ಪ್ರತಿ ಪುಟದಲ್ಲೂ ಸಾಲುಗಳ ನಡುವಿನ ಅಂತರ ಬದಲಾಗಿ ವಿನ್ಯಾಸ ಕದಡುತ್ತದೆ. ಹಳೆಯ ಆವೃತ್ತಿಗೂ ಹೊಸದಕ್ಕೂ ಈ ಅಳತೆ ತಾಳೆಯಾಗುತ್ತದೆಯೇ ಎಂದು ಗೂಗಲ್ ಫಾಂಟ್ಸ್‌ನ ತಪಾಸಣೆ ಪ್ರತ್ಯೇಕವಾಗಿ ನೋಡುವುದು ಈ ಕಾರಣಕ್ಕೇ.

ಡಾಟ್ ಹಾಕಿ ಮೂರನ್ನೂ ಒಂದೇ ಕಮಿಟ್ ಮಾಡಿ ‘ಕನ್ನಡ ತಿದ್ದುಪಡಿ’ ಎಂದು ಸಂದೇಶ ಬರೆದರೆ ಆಗುವುದೇನು? ಅಳತೆಯ ಬದಲಾವಣೆ ಬೇಡವೆಂದು ತಂಡ ತೀರ್ಮಾನಿಸಿ ಆ ಕಮಿಟನ್ನು ರಿವರ್ಟ್ ಮಾಡಿದರೆ ಒತ್ತಿನ ತಿದ್ದುಪಡಿಯೂ ಹೋಗುತ್ತದೆ, ‘ರಾಷ್ಟ್ರ’ ಮತ್ತೆ ತಾಗಿಕೊಳ್ಳುತ್ತದೆ. ಒತ್ತಿನ ತಿದ್ದುಪಡಿ ಮಾತ್ರ ಬೇಕೆಂದು ಇನ್ನೊಂದು ಬ್ರ್ಯಾಂಚ್‌ಗೆ ಚೆರ್ರಿ-ಪಿಕ್ ಮಾಡಿದರೆ ಅಳತೆಯೂ ಹಿಂದೆಯೇ ಬರುತ್ತದೆ. ಎರಡು ವರ್ಷದ ಮೇಲೆ ಇನ್ನೊಬ್ಬರು ಬಂದು ‘ಈ ಸಾಲಿನ ಅಂತರ ಯಾವಾಗ ಕೆಟ್ಟಿತು’ ಎಂದು ಬೈಸೆಕ್ಟ್ ಮಾಡಿದರೆ (ಚರಿತ್ರೆಯನ್ನು ಅರ್ಧರ್ಧವಾಗಿ ಸೀಳುತ್ತ ಹುಡುಕಿದರೆ), ಸಾವಿರ ಕಮಿಟ್‌ಗಳ ಚರಿತ್ರೆಯಲ್ಲೂ ಸುಮಾರು 10 ಹಂತದಲ್ಲಿ ತಪ್ಪಿತಸ್ಥ ಕಮಿಟ್ ಸಿಗುತ್ತದೆ. ಸಿಕ್ಕ ಕಮಿಟ್‌ನೊಳಗೆ ಮೂರು ಕೆಲಸಗಳ ಕಲಸುಮೇಲೋಗರ, ಅದರ ಮೇಲೆ ನೂರಾರು ವೇಳೆಯ ಸಾಲುಗಳು. ಬೈಸೆಕ್ಟ್ ಉಳಿಸಿದ ಸಮಯವನ್ನೆಲ್ಲ ಆ ಡಿಫ್ (ಬದಲಾದ ಸಾಲುಗಳ ಪಟ್ಟಿ) ಓದುವುದರಲ್ಲೇ ಕಳೆಯಬೇಕಾಗುತ್ತದೆ.

‘ಆ್ಯಡ್ -ಪಿ’ ಬಳಸಿದವಳ ದಾರಿ ಬೇರೆ. ಗಿಟ್ ಬದಲಾದ ತುಣುಕುಗಳನ್ನು ಒಂದೊಂದಾಗಿ ತೋರಿಸಿ ‘ಇದು ಬೇಕೇ’ ಎಂದು ಕೇಳುತ್ತದೆ. ವೈ ಎಂದರೆ ಸೇರಿಸು, ಎನ್ ಎಂದರೆ ಬಿಡು, ಎಸ್ ಎಂದರೆ ಇನ್ನೂ ಚಿಕ್ಕದಾಗಿ ಸೀಳು, ಇ ಎಂದರೆ ಕೈಯಿಂದಲೇ ತಿದ್ದಿ ಕೊಡುತ್ತೇನೆ. ಒತ್ತಿನ ತುಣುಕುಗಳು ಮೊದಲ ಕಮಿಟ್‌ಗೆ, ಅಳತೆ ಎರಡನೆಯದಕ್ಕೆ, ಅಲ್ಪವಿರಾಮ ಮೂರನೆಯದಕ್ಕೆ. ತೆರೆದಿಟ್ಟಿದ್ದ ಪದಗಳ ಸಾಲು ಯಾವುದಕ್ಕೂ ಇಲ್ಲ. ಇದರ ಇನ್ನೊಂದು ಲಾಭವನ್ನು ಯಾರೂ ಹೇಳಿಕೊಡುವುದಿಲ್ಲ: ತಾನೇ ಮಾಡಿದ್ದನ್ನು ಮಾಡಿದವಳೇ ಮತ್ತೊಮ್ಮೆ, ಈ ಬಾರಿ ಓದುಗಿಯಾಗಿ, ಸಾಲು ಸಾಲಾಗಿ ನೋಡಬೇಕಾಗುತ್ತದೆ. ಪ್ರೂಫ್ ನೋಡದೆ ಅಚ್ಚಿಗೆ ಕಳಿಸಿದ ಪತ್ರಿಕೆಯ ಗತಿ ಏನೆಂದು ಕನ್ನಡದ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಪರೀಕ್ಷೆಗೆಂದು ಜರುಗಿಸಿ ಮರೆತುಬಿಟ್ಟ ಬಿಂದು, ಒತ್ತು ಕೂರುವ ಜಾಗವನ್ನು ಸೂಚಿಸುವ, ತಪ್ಪಿ ಅಳಿಸಿದ ಒಂದು ಆ್ಯಂಕರ್, ಇವೆಲ್ಲ ಕಣ್ಣಿಗೆ ಬೀಳುವುದು ಈ ಹಂತದಲ್ಲೇ.

ಅನುವಾದದ ಕಡತಗಳಲ್ಲಿ ಇದೇ ಕಥೆ ಇನ್ನೂ ನಿಚ್ಚಳ. ಗ್ನೋಮ್, ಕೆಡಿಇಯಂಥ ಮುಕ್ತ ತಂತ್ರಾಂಶಗಳ ಕನ್ನಡ ಸಂದೇಶಗಳು ಪಿಒ ಎಂಬ ಕಡತಗಳಲ್ಲಿರುತ್ತವೆ. ಪ್ರತಿ ಸಂದೇಶದ ಮೇಲೆ ಅದು ಮೂಲ ಪ್ರೋಗ್ರಾಮಿನ ಎಷ್ಟನೆಯ ಸಾಲಿನಿಂದ ಬಂತೆಂಬ ಗುರುತು ಇರುತ್ತದೆ. ಮೂಲದಲ್ಲಿ ನಾಲ್ಕು ಸಾಲು ಹೆಚ್ಚಾದರೆ ಅನುವಾದ ಕಡತವನ್ನು ಹೊಸದಾಗಿಸಿದಾಗ ಕೆಳಗಿನ ಗುರುತುಗಳೆಲ್ಲ ಬದಲಾಗುತ್ತವೆ. ಅನುವಾದಕ ಸರಿಪಡಿಸಿದ್ದು ಒಂದೇ ಒಂದು ಕನ್ನಡ ವಾಕ್ಯವಾದರೂ ಡಿಫ್‌ನಲ್ಲಿ ಕಾಣುವುದು ನೂರಾರು ಸಾಲು. ಎಲ್ಲವನ್ನೂ ಒಟ್ಟಿಗೆ ಕಮಿಟ್ ಮಾಡಿದಾಗ ಆ ವಾಕ್ಯವನ್ನು ಪರಿಶೀಲಿಸಬೇಕಾದ ಇನ್ನೊಬ್ಬ ಕನ್ನಡಿಗನಿಗೆ ಅದನ್ನು ಹುಡುಕುವುದೇ ಕೆಲಸ. ಕನ್ನಡಕ್ಕೆ ಪರಿಶೀಲಕರು ಮೊದಲೇ ಕಡಿಮೆ. ಇರುವವರ ಕಣ್ಣನ್ನು ಹೀಗೆ ದಣಿಸುವುದು ಭಾಷೆಗೆ ಮಾಡುವ ಅನ್ಯಾಯ.

ಡಾಟ್‌ನ ಪರವಾಗಿ ಎರಡನೆಯ ವಾದ: ಬೇಡದ್ದನ್ನು ತಡೆಯಲು ‘ಗಿಟ್‌ಇಗ್ನೋರ್’ ಕಡತ ಇದೆಯಲ್ಲ, ಅದನ್ನು ಸರಿಯಾಗಿ ಬರೆದರೆ ಸಾಕು. ಗಿಟ್‌ಇಗ್ನೋರ್ ತಡೆಯುವುದು ಮೊದಲೇ ಊಹಿಸಿದ್ದನ್ನು. ಈಗಾಗಲೇ ದಾಖಲಾಗಿರುವ ಕಡತದೊಳಗೆ ಬರೆದ ಒಂದು ಪಾಸ್‌ವರ್ಡನ್ನು ಅದು ತಡೆಯಲಾರದು. ಪರೀಕ್ಷೆಗೆಂದು ಇಂದು ಬೆಳಿಗ್ಗೆ ಇಳಿಸಿಕೊಂಡ ಗ್ರಾಹಕರ ಪಟ್ಟಿಯ ಹೆಸರೂ ಅದಕ್ಕೆ ಗೊತ್ತಿರುವುದಿಲ್ಲ. ದಲಾಲ್ ಸ್ಟ್ರೀಟ್‌ನಿಂದ ಬಾಂದ್ರಾ-ಕುರ್ಲಾ ಸಂಕೀರ್ಣದವರೆಗೆ ಹಣಕಾಸಿನ ತಂತ್ರಾಂಶವನ್ನೇ ಬರೆಯುವ ನಗರದಲ್ಲಿ ಇದು ಸಣ್ಣ ಮಾತಲ್ಲ. ಭಂಡಾರಕ್ಕೆ (ರೆಪೊಸಿಟರಿಗೆ) ಸೇರಿಹೋದ ಒಂದು ಕೀ ಏನು ಮಾಡಬಲ್ಲದೆಂಬುದಕ್ಕೆ ಊಬರ್‌ನ 2016ರ ಪ್ರಕರಣ ಸಾಕ್ಷಿ: ಗಿಟ್‌ಹಬ್‌ನ ಖಾಸಗಿ ಭಂಡಾರದ ಕೋಡಿನೊಳಗಿದ್ದ ಅಮೆಜಾನ್ ಸರ್ವರಿನ ಕೀ ಹಿಡಿದು ಒಳನುಗ್ಗಿದವರು 5.7 ಕೋಟಿ ಜನರ ಮಾಹಿತಿ ಕದ್ದರು. ಗಿಟ್‌ಹಬ್ 2024ರಿಂದ ಸಾರ್ವಜನಿಕ ಭಂಡಾರಗಳಿಗೆ ಪುಶ್ ಮಾಡುವಾಗಲೇ ಗುರುತಿಸಬಲ್ಲ ಕೀಗಳನ್ನು ತಡೆಯುತ್ತಿದೆ, ಒಳ್ಳೆಯದು. ಆದರೆ ಗುರುತಿಸಬಲ್ಲ ಮಾದರಿಯವಲ್ಲದ ಗುಟ್ಟುಗಳನ್ನು ಯಂತ್ರ ಹಿಡಿಯುವುದಿಲ್ಲ. ಒಮ್ಮೆ ಕಮಿಟ್ ಆಗಿ ಪುಶ್ ಆದದ್ದನ್ನು ಮುಂದಿನ ಕಮಿಟ್‌ನಲ್ಲಿ ಅಳಿಸಿದರೂ ಅದು ಚರಿತ್ರೆಯಲ್ಲಿ ಉಳಿಯುತ್ತದೆ. ಚರಿತ್ರೆಯನ್ನೇ ಮತ್ತೆ ಬರೆದರೂ ಬೇರೆಯವರ ಪ್ರತಿಗಳಲ್ಲಿ ಉಳಿಯುತ್ತದೆ. ಕೀಯನ್ನು ರದ್ದುಮಾಡಿ ಹೊಸದು ಪಡೆಯಬೇಕು. ಸ್ಟೇಜ್ ಮಾಡಿದ್ದನ್ನು ‘ಗಿಟ್ ಡಿಫ್ --ಸ್ಟೇಜ್ಡ್’ ಎಂದು ಒಮ್ಮೆ ಓದುವುದಕ್ಕೆ ಬೇಕಾದ ಸಮಯ ಇದರ ಮುಂದೆ ಯಾವ ಲೆಕ್ಕ?

ಮೂರನೆಯ ವಾದ ಇವೆಲ್ಲಕ್ಕಿಂತ ಗಟ್ಟಿ, ಅದಕ್ಕೆ ಗೌರವ ಸಲ್ಲಬೇಕು. ಪರೀಕ್ಷೆ ನಡೆದದ್ದು ಇಡೀ ಫೋಲ್ಡರಿನ ಮೇಲೆ; ಕಮಿಟ್ ಆದದ್ದು ಅದರ ಆಯ್ದ ಭಾಗ. ಹಾಗಾಗಿ ಆರಿಸಿ ಮಾಡಿದ ಕಮಿಟ್ ಯಾರ ಕಂಪ್ಯೂಟರಿನಲ್ಲೂ ಎಂದೂ ಅದೇ ರೂಪದಲ್ಲಿ ಓಡಿರುವುದಿಲ್ಲ. ಫಾಂಟಿನಲ್ಲಿ ಈ ಅಪಾಯ ಕಣ್ಣಿಗೆ ಕಟ್ಟುವಂತಿದೆ. ಅನೇಕ್ ಕನ್ನಡ ವೇರಿಯಬಲ್ ಫಾಂಟ್. ದಪ್ಪ 100ರಿಂದ 800ರವರೆಗೆ, ಅಗಲ 75ರಿಂದ 125ರವರೆಗೆ ನಿರಂತರವಾಗಿ ಬದಲಾಗುತ್ತದೆ. ಇದು ಸಾಧ್ಯವಾಗಲು ಒಂದು ಅಕ್ಷರದ ತೆಳು, ದಪ್ಪ ಮುಂತಾದ ಮೂಲರೂಪಗಳಾದ ಮಾಸ್ಟರ್‌ಗಳೆಲ್ಲದರಲ್ಲೂ ಬಿಂದುಗಳ ಸಂಖ್ಯೆ, ಕ್ರಮ ಒಂದೇ ಆಗಿರಬೇಕು. ಇಂಥ ಫಾಂಟಿನಲ್ಲಿ ತೆಳು ಮಾಸ್ಟರ್‌ಗೆ ಸೇರಿಸಿದ ಬಿಂದುವನ್ನು ಸ್ಟೇಜ್ ಮಾಡಿ, ದಪ್ಪ ಮಾಸ್ಟರಿನದನ್ನು ಮರೆತರೆ ಆ ಕಮಿಟ್‌ನಿಂದ ಫಾಂಟೇ ತಯಾರಾಗುವುದಿಲ್ಲ. ತಿದ್ದಿದವಳ ಕಂಪ್ಯೂಟರಿನಲ್ಲಿ ಎಲ್ಲ ಸರಿಯಾಗಿಯೇ ಇರುತ್ತದೆ.

ಆದರೆ ಈ ವಾದ ಡಾಟ್‌ನ ಪರ ನಿಲ್ಲುವುದಿಲ್ಲ. ಕೆಲಸದ ಫೋಲ್ಡರೇ ಪರೀಕ್ಷಿತ ರೂಪ, ಅದನ್ನು ಹಾಗೆಯೇ ದಾಖಲಿಸಿದರೆ ಸುರಕ್ಷಿತ ಎಂಬುದು ಅದರ ಒಳನಂಬಿಕೆ. ಕೆಲಸದ ಫೋಲ್ಡರಿನಲ್ಲಿ ಗಿಟ್‌ಇಗ್ನೋರ್ ಮರೆಮಾಡಿದ ಕಡತಗಳಿರುತ್ತವೆ, ಆ ಕಂಪ್ಯೂಟರಿನಲ್ಲಿ ಮಾತ್ರ ಇರುವ ಸೆಟ್ಟಿಂಗ್‌ಗಳಿರುತ್ತವೆ. ಸ್ಟೇಜಿಂಗನ್ನು ದಾಟಿಹೋಗಲು ಬಹಳ ಜನ ಬಳಸುವ ‘ಕಮಿಟ್ -ಎ’ಯಂತೂ ಹೊಸದಾಗಿ ಸೃಷ್ಟಿಸಿದ ಕಡತಗಳನ್ನು ಸೇರಿಸುವುದೇ ಇಲ್ಲ; ಹೊಸ ಕಡತವಿದ್ದಾಗ ಪರೀಕ್ಷೆ ಆದದ್ದೇ ಒಂದು, ದಾಖಲಾದದ್ದೇ ಇನ್ನೊಂದು. ‘ನನ್ನ ಕಂಪ್ಯೂಟರಿನಲ್ಲಿ ಓಡುತ್ತದೆ’ ಎಂಬ ಮಾತು ಹುಟ್ಟುವುದೇ ಹೀಗೆ. ಇದಕ್ಕೆ ಮದ್ದು, ದಾಖಲಾಗುವುದನ್ನೇ ಪರೀಕ್ಷಿಸುವುದು. ‘ಗಿಟ್ ಸ್ಟ್ಯಾಶ್ --ಕೀಪ್-ಇಂಡೆಕ್ಸ್’ ಎಂದರೆ ಸ್ಟೇಜ್ ಆದದ್ದು ಮಾತ್ರ ಫೋಲ್ಡರಿನಲ್ಲಿ ಉಳಿದು ಮಿಕ್ಕ ತಿದ್ದುಪಡಿಗಳು ಬದಿಗೆ ಸರಿಯುತ್ತವೆ. ಹೊಸ ಕಡತಗಳೂ ಸರಿಯಬೇಕಾದರೆ ‘-ಯು’ ಸೇರಿಸಬೇಕು. ಆಗ ಫಾಂಟನ್ನು ತಯಾರಿಸಿ ನೋಡಿ ಕಮಿಟ್ ಮಾಡಬಹುದು. ಮೂರು ಕಮಿಟ್‌ಗಳನ್ನು ಮಾಡಿದ ಮೇಲೆ ‘ರಿಬೇಸ್ --ಎಕ್ಸೆಕ್’ ಮೂಲಕ ಪ್ರತಿಯೊಂದರ ಮೇಲೂ ಅದೇ ಪರೀಕ್ಷೆಯನ್ನು ಓಡಿಸಲೂಬಹುದು. ಪರೀಕ್ಷೆ ಎಷ್ಟು ದುಬಾರಿಯೋ ಅದಕ್ಕೆ ತಕ್ಕಂತೆ ಆರಿಸಿಕೊಳ್ಳುವ ಮಾತು ಇದು. ಡಾಟ್ ಹಾಕುವವರು ಈ ಪರೀಕ್ಷೆಗಳಲ್ಲಿ ಯಾವುದನ್ನೂ ಮಾಡುವುದಿಲ್ಲ, ಮಾಡಬೇಕೆಂಬ ಅರಿವೂ ಅವರಿಗೆ ಮೂಡುವುದಿಲ್ಲ.

ಸ್ಟೇಜಿಂಗ್ ಇಲ್ಲದ ವ್ಯವಸ್ಥೆಗಳಿವೆಯಲ್ಲ ಎಂಬ ಮಾತು ಈ ಚರ್ಚೆಯಲ್ಲಿ ಖಂಡಿತ ಬರುತ್ತದೆ. ಗಿಟ್‌ನಂತೆಯೇ 2005ರ ಏಪ್ರಿಲ್‌ನಲ್ಲಿ ಹುಟ್ಟಿದ ಮರ್ಕ್ಯುರಿಯಲ್‌ನಲ್ಲಿ ಬಳಕೆದಾರನಿಗೆ ಕಾಣುವ ಸ್ಟೇಜಿಂಗ್ ಇಲ್ಲ. ಎಸ್‌ಕ್ಯೂಲೈಟ್‌ನ ಕರ್ತೃ ಡಿ. ರಿಚರ್ಡ್ ಹಿಪ್ ಬರೆದ ಫಾಸಿಲ್‌ನಲ್ಲೂ ಇಲ್ಲ; ಗಿಟ್ ಬಳಸುವವನು ಇಂಡೆಕ್ಸ್ ಸೇರಿ ಐದು ಸ್ಥಿತಿಗಳನ್ನು ತಲೆಯಲ್ಲಿ ಹೊತ್ತಿರಬೇಕೆಂಬುದು ಎಸ್‌ಕ್ಯೂಲೈಟ್ ತಂಡದ ದೂರು. ಮಾರ್ಟಿನ್ ವಾನ್ ಜ್ವೈಗ್‌ಬರ್ಕ್ ಆರಂಭಿಸಿದ ಜುಜುತ್ಸುವಿನಲ್ಲಿ ಕೆಲಸದ ಫೋಲ್ಡರೇ ಒಂದು ಕಮಿಟ್. ಎಂಐಟಿಯ ಸಾಂಟಿಯಾಗೊ ಪೆರೆಜ್ ಡಿ ರೊಸ್ಸೊ, ಡೇನಿಯಲ್ ಜಾಕ್ಸನ್ ಗಿಟ್‌ನ ಪರಿಕಲ್ಪನೆಗಳನ್ನು ಬಿಡಿಸಿ ನೋಡಿ, ಸ್ಟೇಜಿಂಗ್ ತೆಗೆದ ‘ಗಿಟ್‌ಲೆಸ್’ ಕಟ್ಟಿದರು. ಅವರ ಪ್ರಬಂಧಗಳು 2013ರಲ್ಲೂ 2016ರಲ್ಲೂ ಬಂದವು. ಇವು ಯಾವುವೂ ಹಗುರವಾದ ಕೆಲಸಗಳಲ್ಲ. ಆದರೆ ಅವುಗಳ ಒಳಹೊಕ್ಕು ನೋಡಿದವರಿಗೆ ಕಾಣುವುದೇನು? ಮರ್ಕ್ಯುರಿಯಲ್‌ನಲ್ಲಿ ತುಣುಕು ಆರಿಸಿ ಕಮಿಟ್ ಮಾಡುವ ಸಂವಾದ ರೂಪವಿದೆ. ಜುಜುತ್ಸುವಿನಲ್ಲಿ ‘ಸ್ಪ್ಲಿಟ್’, ‘ಸ್ಕ್ವ್ಯಾಶ್’ ಇವೆ. ಮೊದಲು ಎಲ್ಲವೂ ದಾಖಲಾಗಿ ಆಮೇಲೆ ಸೀಳಿ ಹಂಚುವ ಕ್ರಮ ಅಲ್ಲಿಯದು. ಆಯ್ಕೆ ಕಮಿಟ್‌ಗೆ ಮುಂಚೆ ನಡೆಯಬೇಕೇ ಆಮೇಲೆ ನಡೆಯಬೇಕೇ ಎಂಬುದರಲ್ಲಿ ಅವು ಗಿಟ್‌ಗಿಂತ ಭಿನ್ನ. ಆಯ್ಕೆಯೇ ಬೇಡವೆಂದು ಅವು ಹೇಳುವುದಿಲ್ಲ. ಜುಜುತ್ಸುವಿನ ಹೆಸರು ಹೇಳಿ ಗಿಟ್‌ನಲ್ಲಿ ಡಾಟ್ ಒತ್ತುವವರು ಆ ಸಾಧನದ ಶಿಸ್ತನ್ನು ಬಿಟ್ಟು ಅದರ ಸೌಕರ್ಯವನ್ನಷ್ಟೇ ಸಾಲ ತರುತ್ತಾರೆ.

ಪುಲ್ ರಿಕ್ವೆಸ್ಟ್ ಮರ್ಜ್ ಮಾಡುವಾಗ ಎಲ್ಲ ಕಮಿಟ್‌ಗಳನ್ನೂ ಸ್ಕ್ವ್ಯಾಶ್ ಮಾಡಿ ಒಂದೇ ಆಗಿಸುತ್ತೇವೆ, ಒಳಗೆ ಹೇಗಿದ್ದರೇನು ಎಂಬ ಕಚೇರಿಗಳ ವಾದಕ್ಕೆ ಉತ್ತರ ಚಿಕ್ಕದು. ಪರಿಶೀಲಿಸುವವರು ಓದುವುದು ಮರ್ಜ್‌ಗೆ ಮುಂಚೆ. ಆಗ ಅವರ ಮುಂದಿರುವುದು ಬಿಡಿಬಿಡಿಯಾದ ಮೂರು ಕಮಿಟ್‌ಗಳೋ ಒಂದು ರಾಶಿಯೋ ಎಂಬುದು ಪರಿಶೀಲನೆ ನಡೆಯುತ್ತದೋ ಸಹಿ ಮಾತ್ರ ಬೀಳುತ್ತದೋ ಎಂಬುದನ್ನು ತೀರ್ಮಾನಿಸುತ್ತದೆ. ಸ್ಕ್ವ್ಯಾಶ್ ಮಾಡಲೇಬೇಕಾದರೆ ಒಂದು ರಿಕ್ವೆಸ್ಟ್‌ಗೆ ಒಂದೇ ಕೆಲಸ ಎಂಬ ನಿಯಮ ಬೇಕು. ಆ ಒಂದು ಕೆಲಸವನ್ನು ಮಿಕ್ಕವುಗಳಿಂದ ಬೇರ್ಪಡಿಸುವುದು ಮತ್ತೆ ಸ್ಟೇಜಿಂಗ್‌ನಲ್ಲೇ. ಮರ್ಜ್ ಆದ ಮೇಲೂ ಈ ದಾಖಲೆ ಓದುವವರಿರುತ್ತಾರೆ: ಷೇರು ದಲ್ಲಾಳಿ ಸಂಸ್ಥೆಗಳ ವ್ಯವಸ್ಥೆಗಳಿಗೆ ಷೇರುಪೇಟೆಯ ನಿಯಂತ್ರಕ ಸೆಬಿ ಸಿಸ್ಟಮ್ ಆಡಿಟ್ ಕಡ್ಡಾಯ ಮಾಡಿದೆ. ಯಾವ ಬದಲಾವಣೆ ಏಕೆ ಆಯಿತೆಂದು ಆಡಿಟರ್ ಕೇಳಿದಾಗ ‘ಅಪ್‌ಡೇಟ್’, ‘ಫಿಕ್ಸ್’ ಎಂಬ ಶೀರ್ಷಿಕೆಯ ರಾಶಿಗಳನ್ನು ತೋರಿಸುವ ತಂಡಕ್ಕೆ ಹೇಳಲು ಏನೂ ಉಳಿದಿರುವುದಿಲ್ಲ. ಒಳಗೆ ನಾಲ್ಕು ಕೆಲಸ ಬೆರೆತ ಕಮಿಟ್‌ಗೆ ಬೇರೆ ಶೀರ್ಷಿಕೆ ಬರೆಯಲಾಗುವುದೂ ಇಲ್ಲ. ಕಮಿಟ್ ಸಂದೇಶ ಚೆನ್ನಾಗಿ ಬರೆಯಿರಿ ಎಂದು ಹೊಸಬರಿಗೆ ಉಪದೇಶ ಮಾಡುವವರು ಆ ಸಂದೇಶ ಸಾಧ್ಯವಾಗುವ ಕಮಿಟ್ ಮಾಡುವುದನ್ನು ಮೊದಲು ಕಲಿಸಬೇಕು.

ಕಲಿಸುವ ವಿಷಯದಲ್ಲೇ ಈ ಅಭಿಪ್ರಾಯದ ಬೇರು ಇದೆ. ಸ್ಟೇಜಿಂಗ್ ಹೊಸಬರಿಗೆ ಗೊಂದಲ ಎನ್ನುವುದು ಸುಳ್ಳಲ್ಲ, ಗಿಟ್ ಆ ಗೊಂದಲಕ್ಕೆ ಬೇಕಾದಷ್ಟು ಕಾರಣ ಕೊಟ್ಟಿದೆ. ಒಂದೇ ಜಾಗಕ್ಕೆ ಇಂಡೆಕ್ಸ್, ಕ್ಯಾಶ್, ಸ್ಟೇಜ್ ಎಂದು ಮೂರು ಹೆಸರು. ಸ್ಟೇಜ್ ಆದದ್ದನ್ನು ವಾಪಸು ತೆಗೆಯಲು ಬಹುಕಾಲ ‘ರೀಸೆಟ್’ ಎಂಬ, ಬೇರೆ ಅಪಾಯಕಾರಿ ಕೆಲಸಗಳನ್ನೂ ಮಾಡುವ ಆಜ್ಞೆಯನ್ನೇ ಬಳಸಬೇಕಿತ್ತು. 2019ರ ಆಗಸ್ಟ್‌ನ 2.23ನೆಯ ಆವೃತ್ತಿಯಲ್ಲಿ ‘ರಿಸ್ಟೋರ್ --ಸ್ಟೇಜ್ಡ್’ ಬಂದ ಮೇಲೆ ಆ ಕಷ್ಟ ತಪ್ಪಿದೆ. ಆದರೂ ಹಳೆಯ ನೋಟ್ಸ್‌ಗಳಲ್ಲಿ ರೀಸೆಟ್ ಹಾಗೆಯೇ ಉಳಿದಿದೆ. ಗೊಂದಲ ಇದೆಯೆಂದು ಪಾಠದಿಂದ ವಿಷಯವನ್ನೇ ಕೈಬಿಡುವುದು ಗುರುವಿನ ಲಕ್ಷಣವಲ್ಲ. ಸ್ಟೇಟಸ್ ನೋಡುವುದು, ಡಿಫ್ ಓದುವುದು, ‘ಆ್ಯಡ್ -ಪಿ’ಯಿಂದ ಆರಿಸುವುದು, ‘ಡಿಫ್ --ಸ್ಟೇಜ್ಡ್’ನಿಂದ ಆರಿಸಿದ್ದನ್ನು ಮತ್ತೆ ಓದುವುದು, ಆಮೇಲೆ ಕಮಿಟ್: ಈ ಕ್ರಮವನ್ನು ಒಂದೇ ತರಗತಿಯಲ್ಲಿ ಕಲಿಸಬಹುದು. ಕನ್ನಡದಲ್ಲೂ ಕಲಿಸಬಹುದು. ಪೊವಾಯಿಯ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಮುಕ್ತ ತಂತ್ರಾಂಶಗಳ ಪಾಠಗಳನ್ನು ಕನ್ನಡವೂ ಸೇರಿ ಭಾರತೀಯ ಭಾಷೆಗಳ ಧ್ವನಿಯಲ್ಲಿ ಕೊಡುತ್ತ ಬಂದಿದೆ. ಇಂಥ ವಿಷಯ ನಮ್ಮ ಭಾಷೆಯಲ್ಲಿ ಅರ್ಥವಾಗುತ್ತದೆ ಎಂಬುದಕ್ಕೆ ಬೇರೆ ಪ್ರಮಾಣ ಬೇಡ. ಮೂರು ಸಾಲಿನ ಮಂತ್ರ ಕಲಿತ ವಿದ್ಯಾರ್ಥಿಗೆ ಮೊದಲ ಸಾಲಿನ ಅರ್ಥ ತಿಳಿಯದಿದ್ದರೆ ಉಳಿದೆರಡರ ಅರ್ಥವೂ ಪೂರ್ತಿ ತಿಳಿದಂತಾಗಲಿಲ್ಲ.

ಎಲ್ಲ ಕಡೆಯೂ ತುಣುಕು ತುಣುಕಾಗಿ ಆರಿಸಬೇಕೆಂಬುದೂ ಅತಿಯೇ. ಹೊಸ ಭಂಡಾರದ ಮೊದಲ ಕಮಿಟ್‌ಗೆ, ಒಬ್ಬರೇ ಬರೆದುಕೊಳ್ಳುವ ಟಿಪ್ಪಣಿಗಳಿಗೆ, ಒಂದೇ ಕೆಲಸ ಮಾಡಿ ಡಿಫ್ ಓದಿ ಖಚಿತಪಡಿಸಿಕೊಂಡ ಸಂದರ್ಭಕ್ಕೆ ಡಾಟ್ ಸಾಕು. ತಯಾರಾದ ಫಾಂಟ್ ಕಡತ, ಚಿತ್ರ, ಧ್ವನಿ ಮುಂತಾದ ಬೈನರಿಗಳಲ್ಲಿ ತುಣುಕು ಆರಿಸುವುದು ಸಾಧ್ಯವೂ ಇಲ್ಲ. ಇಡೀ ಕಡತವನ್ನು ಸೇರಿಸಬೇಕೇ ಬೇಡವೇ ಎಂಬುದಷ್ಟೇ ಅಲ್ಲಿನ ಪ್ರಶ್ನೆ.

ಆದರೆ ಡಾಟ್ ಎಲ್ಲಕ್ಕಿಂತ ಹೆಚ್ಚು ಕೇಡು ಮಾಡುವುದು ಮರ್ಜ್‌ನ ತಿಕ್ಕಾಟದಲ್ಲಿ. ಇಬ್ಬರು ಒಂದೇ ಜಾಗವನ್ನು ತಿದ್ದಿದಾಗ ಗಿಟ್ ಎರಡೂ ರೂಪಗಳನ್ನು ಗುರುತಿನ ಗೆರೆಗಳ ನಡುವೆ ಕಡತದಲ್ಲೇ ಬರೆದು ನಿಲ್ಲುತ್ತದೆ. ಇಂಡೆಕ್ಸ್‌ನಲ್ಲಿ ಮೂರೂ ರೂಪಗಳು ಕಾದಿರುತ್ತವೆ. ಆ ಸ್ಥಿತಿಯಲ್ಲಿ ‘ಗಿಟ್ ಆ್ಯಡ್’ ಎಂಬುದಕ್ಕೆ ‘ಇದು ಬಗೆಹರಿಯಿತು’ ಎಂದೇ ಅರ್ಥ. ತಿಕ್ಕಾಟವಿದ್ದ ಕಡತಗಳು ಆರಿದ್ದು, ನಾಲ್ಕನ್ನು ಮಾತ್ರ ಸರಿಪಡಿಸಿ ಡಾಟ್ ಒತ್ತಿದರೆ ಗಿಟ್ ಆರೂ ಬಗೆಹರಿದವೆಂದು ನಂಬುತ್ತದೆ. ಗುರುತಿನ ಗೆರೆಗಳು ಕಡತದಲ್ಲಿ ಉಳಿದಂತೆಯೇ ಕಮಿಟ್ ಆಗುತ್ತವೆ, ಉಳಿದೆರಡು ಕಡತಗಳ ಮೂರು ರೂಪಗಳು ಇಂಡೆಕ್ಸ್‌ನಿಂದ ಮಾಯವಾಗುತ್ತವೆ. ಅಂಥ ಗೆರೆ ಉಳಿದ ಗ್ಲಿಫ್ಸ್ ಕಡತವನ್ನು ಗ್ಲಿಫ್ಸ್ ಓದಲಾರದು. ಬಗೆಹರಿದ ಕಡತಗಳನ್ನು ಒಂದೊಂದಾಗಿ ಹೆಸರಿಸಿ ಆ್ಯಡ್ ಮಾಡಿ, ಕಮಿಟ್‌ಗೆ ಮುಂಚೆ ‘ಗಿಟ್ ಡಿಫ್ --ಸ್ಟೇಜ್ಡ್ --ಚೆಕ್’ ಓಡಿಸಿದರೆ ಉಳಿದುಹೋದ ಗೆರೆಗಳನ್ನು ಅದು ಕಡತದ ಹೆಸರು, ಸಾಲಿನ ಸಂಖ್ಯೆ ಸಮೇತ ತೋರಿಸುತ್ತದೆ.